ಪದ ಪರಿಚಯ: ದಿವಾನ್

ದಿವಾನ್ ಎಂದರೆ ನಮಗೆ ಮೊದಲು ನೆನಪಾಗುವವರು ಮೈಸೂರಿನ ದಿವಾನರು: ವಿಶ್ವೇಶ್ವರಯ್ಯನವರು, ಮಿರ್ಜಾ ಇಸ್ಮಾಯಿಲ್ ಅವರು. ಹಾಲ್‌ನಲ್ಲಿ ಗೋಡೆಗೆ ಒತ್ತಿ ಹಾಕುವ, ದಿಂಬು ಇಟ್ಟ ಮಂಚಕ್ಕೂ ದಿವಾನ್ ಅಂತಲೇ ಹೆಸರು. ಮಂತ್ರಿಗೂ ಮಂಚಕ್ಕೂ ಒಂದೇ ಹೆಸರು ಹೇಗೆ ಬಂತು?

ಇದು ಪರ್ಷಿಯನ್ ಕಡೆಯಿಂದ ಬಂದ ಮಾತು. ಮೂಲದಲ್ಲಿ ಬರಹ, ದಾಖಲೆ ಪುಸ್ತಕ ಎಂಬ ಅರ್ಥ. ಆ ಪುಸ್ತಕ ಇಡುವ ಕಚೇರಿಯೂ ದಿವಾನ್ ಆಯಿತು. ಅದನ್ನು ನೋಡಿಕೊಳ್ಳುವವರು ದಿವಾನರಾದರು. ಅಲ್ಲಿ ಕೂರಲು ಹಾಕಿದ ಮೆತ್ತನೆಯ ಆಸನಕ್ಕೂ ಅದೇ ಹೆಸರು ಅಂಟಿತು. ಇನ್ನೊಂದು ಕಡೆ, ಒಬ್ಬ ಕವಿಯ ಕವನಗಳನ್ನು ಸೇರಿಸಿದ ಪುಸ್ತಕವೂ ದಿವಾನ್. ಹಾಫಿಜ್‌ನ ದಿವಾನ್, ಗಾಲಿಬ್‌ನ ದಿವಾನ್ ಅನ್ನುತ್ತಾರಲ್ಲ, ಹಾಗೆ. ಇದರಲ್ಲಿ ಆಶ್ಚರ್ಯವೇನಿಲ್ಲ. ನಮ್ಮಲ್ಲಿ ತಾಲ್ಲೂಕು ಕಚೇರಿಯೂ ಕಚೇರಿಯೇ, ಸಂಗೀತ ಕಚೇರಿಯೂ ಕಚೇರಿಯೇ ಅಲ್ವಾ?

ಕವನದ ಈ ದಿವಾನ್ ಜರ್ಮನಿಯವರೆಗೂ ಹೋಯಿತು. 1814ರಲ್ಲಿ ಜರ್ಮನ್ ಕವಿ ಗಯಟೆ ಹಾಫಿಜ್‌ನನ್ನು ಜರ್ಮನ್ ಅನುವಾದದಲ್ಲಿ ಓದಿದ. ಆಗ ಅವನಿಗೆ ವಯಸ್ಸು 65ರ ಹತ್ತಿರ. ನಾನೂರು ವರ್ಷಕ್ಕೂ ಹಿಂದಿನ, ಇರಾನಿನ ಶಿರಾಜ್‌ನ ಕವಿ ಅವನಿಗೆ ಸ್ವಂತ ಅಣ್ಣತಮ್ಮನ ಹಾಗೆ ಕಂಡ. 1819ರಲ್ಲಿ ಗಯಟೆಯ 'ಪಶ್ಚಿಮ-ಪೂರ್ವ ದಿವಾನ್' ಅಚ್ಚಾಯಿತು.

ಆ ಹೆಸರನ್ನೇ 1999ರಲ್ಲಿ ಒಂದು ಆರ್ಕೆಸ್ಟ್ರಾಕ್ಕೆ ಇಟ್ಟರು. ಇಟ್ಟವರು ಪಿಯಾನೋ ವಾದಕ ಡೇನಿಯಲ್ ಬಾರೆನ್‌ಬಾಯ್ಮ್ ಮತ್ತು ಚಿಂತಕ ಎಡ್ವರ್ಡ್ ಸಯೀದ್. ಒಬ್ಬರು ಅರ್ಜೆಂಟೀನಾದಲ್ಲಿ ಹುಟ್ಟಿ ಇಸ್ರೇಲಿನಲ್ಲಿ ಬೆಳೆದ ಯಹೂದಿ. ಇನ್ನೊಬ್ಬರು ಜೆರುಸಲೇಮಿನಲ್ಲಿ ಹುಟ್ಟಿದ ಪ್ಯಾಲೆಸ್ಟೀನಿ. ಅವರೂ ಪಿಯಾನೋ ಚೆನ್ನಾಗಿ ನುಡಿಸುತ್ತಿದ್ದರು. ಇಸ್ರೇಲಿನ ಮತ್ತು ಅರಬ್ ದೇಶಗಳ ಯುವ ವಾದಕರನ್ನು ಗಯಟೆಯ ಊರು ವೈಮಾರ್‌ಗೆ ಕರೆಸಿದರು. ಆ ಊರಿನ ಪಕ್ಕದಲ್ಲೇ ನಾಜಿಗಳ ಬುಕೆನ್‌ವಾಲ್ಡ್ ಶಿಬಿರವೂ ಇತ್ತು. ಸುಮ್ನೆ ಆರಿಸಿದ ಊರಲ್ಲ ಅದು.

ಅಲ್ಲಿ ನಡೆದ ಒಂದು ಸಂಗತಿಯನ್ನು ಸಯೀದ್ ಹೇಳಿದ್ದಾರೆ. ಅರಬ್ ಹುಡುಗನೊಬ್ಬ ಇಸ್ರೇಲಿನ ಹುಡುಗನಿಗೆ, ಅರಬ್ ಸಂಗೀತ ಅರಬರಿಗೆ ಮಾತ್ರ ಬರುತ್ತದೆ, ನಿನಗೆ ಬರಲ್ಲ ಅಂದನಂತೆ. ಕೆಲವೇ ದಿನಗಳ ನಂತರ ಅದೇ ಹುಡುಗ, ಚೀನೀ ಮೂಲದ ಚೆಲ್ಲೋ (ದೊಡ್ಡ ಪಿಟೀಲಿನಂಥ ವಾದ್ಯ) ವಾದಕ ಯೋ ಯೋ ಮಾ ಅವರಿಗೆ ಅರಬ್ ಸ್ವರಗಳಿಗೆ ತಂತಿ ಹೊಂದಿಸುವುದನ್ನು ಕಲಿಸುತ್ತಿದ್ದ!

ಸಂಗೀತ ಗಾಯ ಮಾಯಿಸುತ್ತದೆ ಅಂತ ನಾವು ಬೇಗ ಹೇಳಿಬಿಡುತ್ತೇವೆ. ಬಾರೆನ್‌ಬಾಯ್ಮ್ ಅಷ್ಟು ದೊಡ್ಡ ಮಾತು ಆಡುವುದಿಲ್ಲ. ಈ ಆರ್ಕೆಸ್ಟ್ರಾ ಶಾಂತಿ ತರುವುದಿಲ್ಲ ಎಂದು ಅವರೇ ಹೇಳಿದ್ದಾರೆ. ಒಬ್ಬರನ್ನೊಬ್ಬರು ಅರಿಯದೆ ಇರುವುದರ ವಿರುದ್ಧದ ಕೆಲಸ ಇದು ಎನ್ನುತ್ತಾರೆ. ಅವರ ಈ ಅಳತೆಯ ಮಾತನ್ನೇ ನಾನು ಜಾಸ್ತಿ ನಂಬುತ್ತೇನೆ. 2005ರ ಆಗಸ್ಟ್‌ನಲ್ಲಿ ಈ ತಂಡ ಪ್ಯಾಲೆಸ್ಟೀನಿನ ರಮಲ್ಲಾ ಊರಿನಲ್ಲಿ ಬೀಥೋವನ್‌ನ ಐದನೇ ಸಿಂಫನಿ ನುಡಿಸಿತು. ಅಲ್ಲಿಗೆ ಹೋಗಿ ಬರಲು ಸ್ಪೇನ್ ಸರ್ಕಾರ ವಾದಕರಿಗೆ ರಾಜತಾಂತ್ರಿಕ ಪಾಸ್‌ಪೋರ್ಟ್ ಕೊಡಬೇಕಾಯಿತು. ಒಂದು ಸಂಜೆಯ ಸಂಗೀತಕ್ಕೆ ಇಷ್ಟೆಲ್ಲ!

ಹಾಗಾದರೆ ಈ ದಿವಾನ್‌ನಲ್ಲಿ ನಿಜವಾಗಿ ನಡೆಯುವುದೇನು? ಆರ್ಕೆಸ್ಟ್ರಾದಲ್ಲಿ ಇಬ್ಬರು ಪಿಟೀಲು ವಾದಕರಿಗೆ ಒಂದೇ ಸ್ಟ್ಯಾಂಡ್, ಒಂದೇ ಸ್ವರದ ಹಾಳೆ. ಇಬ್ಬರ ಕಮಾನೂ ಒಟ್ಟಿಗೆ ಮೇಲೆ, ಒಟ್ಟಿಗೆ ಕೆಳಗೆ. ಒಬ್ಬ ಇಸ್ರೇಲಿನವನು, ಪಕ್ಕದವಳು ಸಿರಿಯಾದವಳು ಇರಬಹುದು. ಹಾಳೆ ಮುಗಿದಾಗ ಒಳಬದಿಯವರು, ಅಂದರೆ ಸಭಿಕರಿಂದ ಆಚೆ ಬದಿಗೆ ಕೂತವರು, ನುಡಿಸುವುದನ್ನು ಬಿಟ್ಟು ಪುಟ ತಿರುಗಿಸುತ್ತಾರೆ. ಆ ಒಂದು ಕ್ಷಣ ಇಬ್ಬರ ಪಾಲಿನ ಸ್ವರವನ್ನೂ ಪಕ್ಕದವರು ನುಡಿಸುತ್ತಿರುತ್ತಾರೆ.