ಮೊಡವೆಗೆ ಬರೀ ಬೋಂಡಾನ ಬೈಬೇಡಿ, ಟೀಗೆ ಹಾಕೋ ಸಕ್ಕರೆನೂ ನೋಡಿ

ಹೋದ ತಿಂಗಳು ಪಿಯುಸಿ ಓದೋ ಹುಡುಗಿನ ಅವರಮ್ಮ ಕ್ಲಿನಿಕ್ಕಿಗೆ ಕರ್ಕೊಂಡು ಬಂದಿದ್ರು. ಕೂತ್ಕೊಂಡ ತಕ್ಷಣ ಅಮ್ಮನೇ ಶುರು ಮಾಡಿದ್ರು, ಎಣ್ಣೆ ತಿಂಡಿ ಪೂರ್ತಿ ನಿಲ್ಸಿದೀನಿ ಡಾಕ್ಟ್ರೇ, ಒಗ್ಗರಣೆಗೂ ಎಣ್ಣೆ ಹಾಕ್ತಿಲ್ಲ, ಆದ್ರೂ ಮುಖ ನೋಡಿ ಹೆಂಗಾಗಿದೆ ಅಂತ. ಹುಡುಗಿ ತಲೆನೇ ಎತ್ತಲಿಲ್ಲ, ಕೆನ್ನೆ ಮೇಲೆ ಕೂದಲು ಎಳ್ಕೊಂಡು ಕೂತಿದ್ಲು. ದಿನಾ ಏನೇನ್ ತಿಂತೀಯಮ್ಮ ಅಂತ ಕೇಳ್ದೆ. ನಾಲ್ಕು ಲೋಟ ಟೀ, ಒಂದೊಂದಕ್ಕೂ ಎರಡೆರಡು ಚಮಚ ಸಕ್ಕರೆ, ಜೊತೆಗೆ ಬಿಸ್ಕೆಟ್, ಟ್ಯೂಷನ್ ಮುಗಿಸ್ಕೊಂಡು ಬರ್ತಾ ಬೇಕರಿ ಬನ್ನು. ಟೀಲೇ ಎಂಟು ಚಮಚ ಆಯ್ತಲ್ಲ, ಅದನ್ನ ಮನೇಲಿ ಯಾರೂ ಲೆಕ್ಕಕ್ಕೇ ತಗೊಂಡಿರ್ಲಿಲ್ಲ.

ಬಾಣಲೆ ಎಣ್ಣೆ ನೇರವಾಗಿ ಮುಖಕ್ಕೆ ಬರಲ್ಲ. ಮುಖದ ಜಿಡ್ಡು, ನಾವು ಸೀಬಮ್ ಅಂತೀವಲ್ಲ, ಅದನ್ನ ಚರ್ಮದೊಳಗಿನ ಗ್ರಂಥಿಗಳೇ ಮಾಡೋದು. ಸಕ್ಕರೆ, ಮೈದಾ ಬೇಗ ಜೀರ್ಣ ಆಗಿ ಇನ್ಸುಲಿನ್ ಏರತ್ತೆ, ಅದ್ರ ಜೊತೆ ಐಜಿಎಫ್-1 ಅನ್ನೋ ಹಾರ್ಮೋನಿನ ಕೆಲಸನೂ ಜೋರಾಗತ್ತೆ, ಇವೆರಡೂ ಸೇರಿ ಗ್ರಂಥಿಗೆ ಇನ್ನೂ ಜಿಡ್ಡು ಮಾಡು ಅಂತ ಹೇಳ್ದಂಗೆ. ಜಿಡ್ಡು ಎಷ್ಟಿದೆ ಅನ್ನೋದಷ್ಟೇ ಅಲ್ಲ, ಎಂಥದ್ದು ಅನ್ನೋದೂ ಮುಖ್ಯ. ಮೊಡವೆ ಇರೋರ ಜಿಡ್ಡಲ್ಲಿ ಸ್ಕ್ವಾಲೀನ್ ಅನ್ನೋ ಎಣ್ಣೆಯಂಥ ಅಂಶ ಜಾಸ್ತಿ, ಲಿನೋಲಿಕ್ ಆಸಿಡ್ ಅನ್ನೋ ಫ್ಯಾಟಿ ಆಸಿಡ್, ಅಂದ್ರೆ ಕೊಬ್ಬಿನ ಒಂದು ಘಟಕ, ಕಡಿಮೆ ಇರೋದು ಕಂಡುಬಂದಿದೆ. ಈ ಲಿನೋಲಿಕ್ ಆಸಿಡ್ಡನ್ನ ದೇಹ ತಾನೇ ಮಾಡ್ಕೊಳ್ಳಲ್ಲ, ಕಡ್ಲೆಕಾಯಿ, ಎಳ್ಳು, ಸೂರ್ಯಕಾಂತಿ ಎಣ್ಣೆ ಇಂಥದ್ರಿಂದಲೇ ಬರ್ಬೇಕು. ಹಂಗಾಗಿ ಒಗ್ಗರಣೆ ನಿಲ್ಸೋ ಅಗತ್ಯನೇ ಇಲ್ಲ.

2007ರಲ್ಲಿ ಆಸ್ಟ್ರೇಲಿಯಾದಲ್ಲಿ ಮೊಡವೆ ಇದ್ದ 43 ಹುಡುಗರನ್ನ 12 ವಾರ ನೋಡಿದ್ರು. ನಿಧಾನಕ್ಕೆ ಜೀರ್ಣ ಆಗೋ ಊಟ ಮಾಡಿದೋರ ಮೊಡವೆ, ಎಂದಿನ ಥರ ತಿಂದೋರಿಗಿಂತ ಚೆನ್ನಾಗೇ ಇಳೀತು. ಅವ್ರ ತೂಕನೂ ಇಳಿದಿತ್ತು, ಆದ್ರಿಂದ ಪೂರ್ತಿ ಕ್ರೆಡಿಟ್ ಊಟಕ್ಕೇ ಕೊಡೋಕಾಗಲ್ಲ. ಆದ್ರೆ ಆಮೇಲೆ ಅವ್ರಲ್ಲಿ ಕೆಲವರ ಜಿಡ್ಡನ್ನ ಪರೀಕ್ಷೆ ಮಾಡಿದಾಗ ಅದ್ರಲ್ಲಿನ ಫ್ಯಾಟಿ ಆಸಿಡ್‌ಗಳ ಪ್ರಮಾಣನೇ ಬದಲಾಗಿತ್ತು, ನನಗೆ ಬಹಳ ಮುಖ್ಯ ಅನ್ಸೋದು ಇದೇ.

ಜಿಮ್‌ಗೆ ಹೋಗೋ ಹುಡುಗರು ಬಂದ್ರೆ ಹಾಲಿಂದ ಮಾಡೋ ವೇ ಪ್ರೋಟೀನ್ ಪೌಡರ್ ಬಗ್ಗೆ ಕೇಳದೆ ಕಳ್ಸಲ್ಲ ನಾನು, ಶುರು ಮಾಡಿದ್ಮೇಲೆ ಬೆನ್ನು, ಭುಜದ ತುಂಬ ಮೊಡವೆ ಎದ್ದೋರನ್ನ ಎಷ್ಟೋ ಜನರನ್ನ ನೋಡಿದೀನಿ.

ಆ ಅಮ್ಮನಿಗೆ ಹೇಳಿದ್ದು ಇಷ್ಟೇ. ಟೀ ಎರಡೇ ಲೋಟ, ಅರ್ಧರ್ಧ ಚಮಚ ಸಕ್ಕರೆ, ಬನ್ನಿನ ಬದ್ಲು ಹೆಸರುಕಾಳು ಉಸ್ಲಿ, ಅದೂ ಒಗ್ಗರಣೆ ಹಾಕಿ. ಮೊಡವೆಗೆ ಬರ್ದುಕೊಟ್ಟ ಕ್ರೀಮ್ ಮಾತ್ರ ಬಿಡಬೇಡಿ, ಊಟ ಔಷಧಿ ಜಾಗಕ್ಕೆ ಬರಲ್ಲ. ಮೂರು ತಿಂಗಳು ಟೈಮ್ ಕೊಡಿ, ಅಲ್ಲೀವರ್ಗೂ ಊಟಕ್ಕೆ ಕೂತಾಗ ಅವಳ ಮುಖದ ಮಾತು ಎತ್ತಬೇಡಿ.