ಜರ್ಮನ್‌ಟೌನ್ ಸಭೆ: ಒಂದೇ ಮನೆತನದ ಎರಡು ಸಹಿ

ಅಮೆರಿಕದ ಫಿಲಡೆಲ್ಫಿಯಾದ ಜರ್ಮನ್‌ಟೌನ್ ಅವೆನ್ಯೂನಲ್ಲಿ 1770ರಲ್ಲಿ ಕಟ್ಟಿದ ಒಂದು ಪುಟ್ಟ ಕಲ್ಲಿನ ಪ್ರಾರ್ಥನಾ ಮಂದಿರ ಇದೆ. ಗೋಪುರ ಇಲ್ಲ, ಆಡಂಬರ ಇಲ್ಲ. ಒಳಗೆ ಒಂದು ಹಳೇ ಮರದ ಮೇಜು. ಗುಲಾಮಗಿರಿ ಬೇಡ ಎಂದು 1688ರಲ್ಲಿ ನಾಲ್ಕು ಜನ ಸಹಿ ಹಾಕಿದ್ದು ಇದೇ ಮೇಜಿನ ಮೇಲೆ ಎನ್ನುತ್ತಾರೆ.

ಮೆನೊನೈಟ್ ಎಂಬ ಕ್ರೈಸ್ತ ಪಂಗಡಕ್ಕೆ ಉತ್ತರ ಅಮೆರಿಕದಲ್ಲಿರುವ ಅತಿ ಹಳೆಯ ಸಭೆ, ಅಂದರೆ ಭಕ್ತರ ಕೂಟ, ಇದು. 1997ರಲ್ಲಿ ಇದನ್ನು ಇದರದೇ ಪ್ರಾಂತೀಯ ಒಕ್ಕೂಟವಾದ ಫ್ರಾಂಕೋನಿಯಾ ಹೊರಗೆ ಹಾಕಿತು. ಸಲಿಂಗಿಗಳನ್ನು ಪೂರ್ಣ ಸದಸ್ಯರಾಗಿ ಸೇರಿಸಿಕೊಂಡಿದ್ದೇ ಕಾರಣ. ಇದನ್ನು ಬರೀ ನಮ್ಮ ಕಾಲದ ಜಗಳ ಅಂದುಕೊಂಡರೆ ಅರ್ಧ ಕಥೆ ತಪ್ಪಿಹೋಗುತ್ತದೆ.

ಮೆನೊನೈಟರ ಕಥೆ ಶುರುವಾಗಿದ್ದು 1525ರಲ್ಲಿ, ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ. ಎಳೆಗೂಸಿಗೆ ಕೊಡುವ ದೀಕ್ಷಾಸ್ನಾನ ಒಪ್ಪಲಾಗದು, ತಿಳಿವಳಿಕೆ ಬಂದ ಮೇಲೆ ಸ್ವಂತ ಮನಸ್ಸಿನಿಂದ ತಗೊಳ್ಳಬೇಕು ಎಂದು ಕೆಲವರು ಹೊರಟರು. ಅವರಲ್ಲಿ ಒಬ್ಬ ಫೆಲಿಕ್ಸ್ ಮಾನ್ಸ್. 1527ರಲ್ಲಿ ಅವನನ್ನು ನದಿಯಲ್ಲಿ ಮುಳುಗಿಸಿ ಕೊಂದರು. 1536ರಲ್ಲಿ ಪಾದ್ರಿ ಪದವಿ ಬಿಟ್ಟು ಬಂದ ಮೆನೊ ಸಿಮನ್ಸ್ ಚದುರಿದ ಜನರನ್ನು ಒಟ್ಟುಗೂಡಿಸಿದ. ಹೆಸರು ಅವನಿಂದಲೇ ಬಂತು.

ಇವರು ಕತ್ತಿ ಹಿಡಿಯಲ್ಲ, ಆಣೆ ಇಡಲ್ಲ. ಹಾಗಾದರೆ ತಪ್ಪಿದವರನ್ನು ತಿದ್ದುವುದು ಹೇಗೆ? ಉಳಿದ ದಾರಿ ಒಂದೇ: ಹೊರಗಿಡುವುದು. 1632ರ ಡಾರ್ಡ್ರೆಕ್ಟ್ ನಂಬಿಕೆ ಪತ್ರದಲ್ಲಿ ಒಬ್ಬರ ಪಾದ ಇನ್ನೊಬ್ಬರು ತೊಳೆಯಬೇಕು ಎಂದಿದೆ. ಹೊರಹಾಕಿದವರ ಜೊತೆ ಕೂತು ಉಣ್ಣಬಾರದು ಎಂದೂ ಇದೆ. ನಮ್ಮಲ್ಲಿ ಪಂಕ್ತಿಯಿಂದ ಎಬ್ಬಿಸುವುದು ಅಂತಾರಲ್ವಾ, ಹಾಗೆ. ಆ ಪತ್ರಕ್ಕೆ ಸಹಿ ಹಾಕಿದವರಲ್ಲಿ ಜರ್ಮನಿಯ ಕ್ರೆಫೆಲ್ಡ್ ಊರಿನ ಹರ್ಮನ್ ಆಪ್ ಡೆನ್ ಗ್ರೆಫ್ ಒಬ್ಬ.

1683ರಲ್ಲಿ ಕ್ರೆಫೆಲ್ಡ್‌ನಿಂದ 13 ಕುಟುಂಬಗಳು ಹಡಗು ಹತ್ತಿ ಬಂದು ಜರ್ಮನ್‌ಟೌನ್ ಕಟ್ಟಿದವು. ಹೆಚ್ಚಿನವರು ಅಷ್ಟರಲ್ಲಿ ಕ್ವೇಕರ್ ಎಂಬ ಇನ್ನೊಂದು ಕ್ರೈಸ್ತ ಪಂಗಡ ಸೇರಿದ್ದರು, ಆದರೆ ಬೇರು ಮೆನೊನೈಟ್. ಹರ್ಮನ್‌ನ ಮೊಮ್ಮಕ್ಕಳು ಡೆರಿಕ್ ಮತ್ತು ಅಬ್ರಹಾಂ ಅದೇ ಗುಂಪಿನಲ್ಲಿದ್ದರು. ಐದು ವರ್ಷದ ನಂತರ ಆ ಮೇಜಿನ ಮೇಲಿನ ಕಾಗದಕ್ಕೆ ಇವರಿಬ್ಬರೂ ಸಹಿ ಹಾಕಿದರು. ಇಂಗ್ಲಿಷ್ ಅವರ ಮನೆಮಾತಲ್ಲ, ಅದು ಕಾಗದದಲ್ಲೇ ಗೊತ್ತಾಗುತ್ತದೆ. ವಾದ ಮಾತ್ರ ನೇರ. ನಮ್ಮನ್ನು ಯಾರಾದರೂ ಹಿಡಿದು ಮಾರಿದರೆ ನಾವು ಒಪ್ಪುತ್ತೇವಾ? ಮನಸ್ಸಿಗೆ ಸ್ವಾತಂತ್ರ್ಯ ಕೊಟ್ಟ ನಾಡಿನಲ್ಲಿ ದೇಹಕ್ಕೂ ಅದು ಬೇಡವಾ? ಕಾಗದ ಕ್ವೇಕರರ ಒಂದು ಸಭೆಯಿಂದ ಮೇಲಿನ ಸಭೆಗೆ, ಅಲ್ಲಿಂದ ಇನ್ನೂ ಮೇಲಿನ ಸಭೆಗೆ ಹೋಯಿತು. ವಿಷಯ ತುಂಬಾ ದೊಡ್ಡದು ಎಂದು ಅಲ್ಲೇ ನಿಂತಿತು. ಫಿಲಡೆಲ್ಫಿಯಾದ ಕ್ವೇಕರರು ತಮ್ಮವರು ಯಾರೂ ಗುಲಾಮರನ್ನು ಇಟ್ಟುಕೊಳ್ಳಬಾರದು ಎಂದದ್ದು 1776ರಲ್ಲಿ.

ಮೆನೊನೈಟರಾಗಿಯೇ ಉಳಿದವರು, ಆಮೇಲೆ ಬಂದವರು ಮನೆಗಳಲ್ಲಿ ಸೇರಿ ಪ್ರಾರ್ಥನೆ ಮಾಡುತ್ತಿದ್ದರು. 1690ರಲ್ಲಿ ಕಾಗದದ ಗಿರಣಿ ಶುರುಮಾಡಿದ ವಿಲಿಯಂ ರಿಟನ್‌ಹೌಸ್ ಅವರ ಮೊದಲ ಬೋಧಕ. ದೀಕ್ಷಾಸ್ನಾನ ಮತ್ತು ಪ್ರಭು ಭೋಜನ (ಒಟ್ಟಿಗೆ ರೊಟ್ಟಿ ಮುರಿದು ಹಂಚಿಕೊಳ್ಳುವ ವಿಧಿ) ನಡೆಸುವ ಅಧಿಕಾರ ತಮಗಿದೆಯೇ ಎಂಬ ಅಳುಕು ಇದ್ದುದರಿಂದ ವರ್ಷಗಟ್ಟಲೆ ಎರಡೂ ಇಲ್ಲದೇ ಕಾದರು. ಅವು ನಡೆಯುವ ಮೊದಲೇ, 1708ರಲ್ಲಿ, ರಿಟನ್‌ಹೌಸ್ ತೀರಿಕೊಂಡ. ಅದೇ ವರ್ಷ ಮರದ ದಿಮ್ಮಿಗಳ ಮಂದಿರ ಎದ್ದಿತು, 11 ಜನರಿಗೆ ದೀಕ್ಷಾಸ್ನಾನವಾಯಿತು. ಒಟ್ಟಿಗೆ ರೊಟ್ಟಿ ಮುರಿಯಲು ಅಷ್ಟು ವರ್ಷ ಕಾದವರ ಸಭೆ ಇದು.

ಆಮೇಲೆ ಜನ ಜಮೀನು ಹುಡುಕಿ ಒಳನಾಡಿಗೆ ಹೋದರು, 1847ರಲ್ಲಿ ಫ್ರಾಂಕೋನಿಯಾ ಒಕ್ಕೂಟ ಎರಡಾಯಿತು, ಜರ್ಮನ್‌ಟೌನಿನ ಬೆಂಚುಗಳು ಖಾಲಿಯಾಗುತ್ತಾ ಬಂದವು. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಸಭೆಗೆ ಮತ್ತೆ ಜೀವ ಬಂತು. ಹೊಸಬರಲ್ಲಿ ಸಲಿಂಗಿಗಳೂ ಇದ್ದರು.

1997ರಲ್ಲಿ ಒಕ್ಕೂಟದವರ ಕೈಯಲ್ಲಿ ಇದ್ದದ್ದು ಅಜ್ಜ ಸಹಿ ಹಾಕಿದ ಪತ್ರದ ಶಿಸ್ತು. ಸಭೆಯವರ ಕೈಯಲ್ಲಿ ಇದ್ದದ್ದು ಮೊಮ್ಮಕ್ಕಳ ಪ್ರಶ್ನೆ. ಎರಡೂ ಕಡೆಯವರು ಬೈಬಲ್ ಓದಿಯೇ ಬಂದಿದ್ದರು, ಎರಡೂ ಕಡೆ ಅತ್ತವರಿದ್ದರು. ಆದರೆ ಎದ್ದು ಹೋಗಬೇಕಾದವರು ಒಂದೇ ಕಡೆಯವರು.

2020ರ ಹೊತ್ತಿಗೆ 1847ರಲ್ಲಿ ಒಡೆದ ಎರಡು ಒಕ್ಕೂಟಗಳು ಮತ್ತೆ ಒಂದಾಗಿ ಮೊಸಾಯಿಕ್ ಎಂಬ ಹೆಸರು ಪಡೆದವು. 2022ರಲ್ಲಿ ರಾಷ್ಟ್ರೀಯ ಸಂಸ್ಥೆಯಾದ ಮೆನೊನೈಟ್ ಚರ್ಚ್ ಯುಎಸ್‌ಎ ಸಲಿಂಗ ಮದುವೆಗೆ ಅಡ್ಡಿಯಾಗಿದ್ದ ಹಳೇ ಮಾರ್ಗಸೂಚಿಯನ್ನು ಕೈಬಿಟ್ಟಿತು, ಹಿಂದೆ ನೋಯಿಸಿದ್ದಕ್ಕೆ ಪಶ್ಚಾತ್ತಾಪವನ್ನೂ ಹೇಳಿತು. 2024ರಲ್ಲಿ ಮೊಸಾಯಿಕ್ ಆ ರಾಷ್ಟ್ರೀಯ ಸಂಸ್ಥೆಯಿಂದಲೇ ಹೊರಬರಲು ಮತ ಹಾಕಿತು.

ಹೊರಗೆ ಹಾಕಿಸಿಕೊಂಡ ಸಭೆ ಮುಚ್ಚಲಿಲ್ಲ. ಕಲ್ಲಿನ ಮಂದಿರ ಈಗ ನೋಡಲು ಬರುವವರಿಗೆ. ಸಭೆಯವರು ಹತ್ತಿರದ ಇನ್ನೊಂದು ಕಟ್ಟಡದಲ್ಲಿ ಸೇರುತ್ತಾರೆ.