ವಾಟರ್ ಡ್ಯಾಮೇಜ್ ರಿಸ್ಟೊರೇಶನ್: ನೀರು ಒರೆಸಿದ ಮೇಲೆ ಶುರುವಾಗುವ ಕೆಲಸ

ಪೈಪ್ ಒಡೆಯುತ್ತದೆ, ಛಾವಣಿ ಸೋರುತ್ತದೆ, ವಾಷಿಂಗ್ ಮೆಷಿನ್ನಿನ ಹೋಸ್ ಕಳಚಿಕೊಳ್ಳುತ್ತದೆ, ಇಲ್ಲವೇ ಹೊರಗಿನ ನೆರೆ ನೀರೇ ಒಳಗೆ ನುಗ್ಗುತ್ತದೆ. ಇದರಿಂದ ಮನೆಗಾದ ಹಾನಿಯನ್ನು ಸರಿಪಡಿಸುವ ವೃತ್ತಿಗೆ ವಾಟರ್ ಡ್ಯಾಮೇಜ್ ರಿಸ್ಟೊರೇಶನ್ ಎನ್ನುತ್ತಾರೆ. ನಿಂತ ನೀರು ತೆಗೆಯುವುದು, ಗೋಡೆ, ನೆಲ, ಮರ ಒಣಗಿಸುವುದು, ಕೊಳೆ ಮತ್ತು ಬೂಷ್ಟು ತೆಗೆಯುವುದು, ಕೆಟ್ಟದ್ದನ್ನು ಕಿತ್ತು ಹೊಸದು ಕೂರಿಸುವುದು ಎಲ್ಲವೂ ಇದರೊಳಗೆ ಬರುತ್ತವೆ. ಮೊದಲ ಅರ್ಧಕ್ಕೆ, ಅಂದರೆ ಹಾನಿ ಮುಂದುವರಿಯದಂತೆ ತಡೆಯುವ ಭಾಗಕ್ಕೆ ಮಿಟಿಗೇಶನ್ ಎಂಬ ಬೇರೆ ಹೆಸರೂ ಇದೆ. ಎಷ್ಟೋ ಕಡೆ ಆ ಕೆಲಸಕ್ಕೆ ಒಂದು ತಂಡ, ಆಮೇಲಿನ ಪ್ಲಾಸ್ಟರ್, ಬಣ್ಣದ ಕೆಲಸಕ್ಕೆ ಇನ್ನೊಂದು ತಂಡ ಬರುತ್ತದೆ.

ಕಣ್ಣಿಗೆ ಕಾಣುವುದು ಪಂಪ್ ಹಚ್ಚಿ ನೀರು ಹೊರಹಾಕುವ ಗಲಾಟೆ. ಅದು ಕೆಲವು ಗಂಟೆಗಳ ಮಾತು. ಹಣ, ಸಮಯ, ತಿಳಿವಳಿಕೆ ಮೂರೂ ಜಾಸ್ತಿ ಬೇಕಾಗುವುದು ಒಣಗಿಸುವುದಕ್ಕೆ. ನನ್ನನ್ನು ಕೇಳಿದರೆ ಈ ವೃತ್ತಿಯ ತಿರುಳೇ ಅದು. "ಒಣಗಿದೆ" ಅಂತ ಯಾರು ಹೇಳಬೇಕು, ಏನು ನೋಡಿ ಹೇಳಬೇಕು ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ನೆಲದ ಮೇಲಿನ ನೀರನ್ನು ಒರೆಸಿ, ಕೈಯಿಂದ ಮುಟ್ಟಿ ನೋಡಿ, "ಸರಿ ಹೋಯ್ತು" ಅನ್ನುವುದು ಸಹಜ ಅಲ್ವಾ? ಆದರೆ ಅಷ್ಟು ಹೊತ್ತಿಗೆ ಗೋಡೆಯ ಬುಡ ನೀರು ಕುಡಿದಿರುತ್ತದೆ. ದೀಪದ ಬತ್ತಿ ಎಣ್ಣೆ ಎಳೆದುಕೊಳ್ಳುವ ಹಾಗೆ ಇಟ್ಟಿಗೆ, ಗಾರೆ, ಜಿಪ್ಸಂ ಬೋರ್ಡ್ ಎಲ್ಲವೂ ನೀರನ್ನು ಮೇಲಕ್ಕೆ ಎಳೆದುಕೊಳ್ಳುತ್ತವೆ. ನೆಲದಲ್ಲಿ ಎರಡು ಬೆರಳು ನೀರು ನಿಂತಿತ್ತು ಎಂದ ಮಾತ್ರಕ್ಕೆ ಗೋಡೆಯೂ ಅಷ್ಟೇ ಎತ್ತರ ನೆಂದಿದೆ ಎಂದುಕೊಳ್ಳಬೇಡಿ. ಟೈಲ್ಸಿನ ಸಂದಿಯಿಂದ ಇಳಿದ ನೀರು ಕೆಳಗಿನ ಗಾರೆಯಲ್ಲಿ ಹರಡಿ ಪಕ್ಕದ ಕೋಣೆಯಲ್ಲಿ ತಲೆ ಎತ್ತುವುದೂ ಉಂಟು.

ಕೆಲಸದವರು ಬರುವ ಮೊದಲೇ ಮನೆಯವರು ಮಾಡಬೇಕಾದ್ದು ಒಂದಿದೆ. ನೀರಿಗೆ ಕಾಲಿಡುವ ಮುನ್ನ ಮೇನ್ ಸ್ವಿಚ್ ಆಫ್ ಆಗಿರಬೇಕು. ಮೇನ್ ಇರುವ ಜಾಗಕ್ಕೆ ನೀರಿನಲ್ಲೇ ನಡೆದು ಹೋಗಬೇಕಾದರೆ ನೀವು ಹೋಗಬೇಡಿ, ವಿದ್ಯುತ್ ಕಂಪನಿಯವರನ್ನು ಕರೆಯಿರಿ. ನೆಲಮಾಳಿಗೆ ಇದ್ದರೆ ಇನ್ನೊಂದು ಎಚ್ಚರ ಬೇಕು. ನೆರೆ ಬಂದು ಸುತ್ತಲಿನ ಮಣ್ಣೆಲ್ಲ ನೆಂದಿರುವಾಗ ಒಳಗಿನ ನೀರನ್ನು ಒಂದೇ ಸಲಕ್ಕೆ ಖಾಲಿ ಮಾಡಿದರೆ ಹೊರಗಿನ ಒತ್ತಡಕ್ಕೆ ಗೋಡೆ ಒಳಗೆ ಕುಸಿಯಬಹುದು. ಹಾಗಾಗಿ ಹೊರಗಿನ ನೀರು ಇಳಿದ ಮೇಲೆ, ದಿನಕ್ಕೆ ಸುಮಾರು ಮೂರನೇ ಒಂದು ಭಾಗದಂತೆ ತೆಗೆಯಿರಿ ಎನ್ನುತ್ತಾರೆ. ಗಡಿಬಿಡಿಯಲ್ಲಿ ಇದು ಯಾರಿಗೂ ಹೊಳೆಯುವುದಿಲ್ಲ.

ಒಳ್ಳೆಯ ತಂಡ ಬಂದ ಕೂಡಲೇ ಕೇಳುವ ಪ್ರಶ್ನೆ "ಎಷ್ಟು ನೀರು" ಅಲ್ಲ, "ಎಲ್ಲಿಯ ನೀರು" ಎನ್ನುವುದು. ಈ ವೃತ್ತಿಯವರು ಜಾಸ್ತಿ ಬಳಸುವ ಎಸ್500 ಎಂಬ ಮಾನದಂಡವಿದೆ. ಐಐಸಿಆರ್‌ಸಿ ಎಂಬ ಸಂಸ್ಥೆ ಹೊರತರುವ ಇದರಲ್ಲಿ ನೀರನ್ನು ಮೂರು ವರ್ಗ ಮಾಡಿದ್ದಾರೆ. ನಲ್ಲಿ ಅಥವಾ ಕುಡಿಯುವ ನೀರಿನ ಪೈಪಿನಿಂದ ಬಂದದ್ದು ಮೊದಲನೆಯದು. ವಾಷಿಂಗ್ ಮೆಷಿನ್, ಡಿಶ್‌ವಾಶರ್ ಹೊರಬಿಟ್ಟ ಬಳಸಿದ ನೀರು ಎರಡನೆಯದು, ಅದರಿಂದ ಕಾಯಿಲೆ ಬರಬಹುದು. ಕೊಳಚೆ, ಉಕ್ಕಿದ ಟಾಯ್ಲೆಟ್ ಪೈಪ್, ನದಿ ಅಥವಾ ನೆರೆಯ ನೀರು ಮೂರನೆಯದು. ಶುದ್ಧ ನೀರು ಶುದ್ಧವಾಗಿಯೇ ಉಳಿಯುವುದಿಲ್ಲ ಎನ್ನುವುದು ಇಲ್ಲಿ ಮುಖ್ಯ. ನಲ್ಲಿಯ ನೀರೇ ಆದರೂ ಕಾರ್ಪೆಟ್, ಧೂಳು, ಗೋಡೆಯೊಳಗಿನ ಕೊಳೆಯ ಜೊತೆ ಎರಡು ಮೂರು ದಿನ ನಿಂತರೆ ಮೊದಲನೆಯ ವರ್ಗದಿಂದ ಎರಡನೆಯದಕ್ಕೋ ಮೂರನೆಯದಕ್ಕೋ ಇಳಿಯುತ್ತದೆ. ರಜೆಗೆ ಹೋಗಿದ್ದಾಗ ಒಡೆದ ಪೈಪನ್ನೂ ಕಣ್ಣೆದುರೇ ಒಡೆದ ಪೈಪನ್ನೂ ಒಂದೇ ಲೆಕ್ಕಕ್ಕೆ ತರದಿರುವುದು ಅದಕ್ಕೇ.

ವರ್ಗ ಗೊತ್ತಾದರೆ ಏನು ಉಳಿಸಬೇಕು, ಏನು ಎಸೆಯಬೇಕು ಎನ್ನುವುದು ಬಹುಪಾಲು ತೀರ್ಮಾನವಾದಂತೆ. ಶುದ್ಧ ನೀರಿನಲ್ಲಿ ನೆಂದ ಕಾರ್ಪೆಟ್ ಒಣಗಿಸಿ ಬಳಸಬಹುದು. ಕೊಳಚೆ ಕುಡಿದ ಕಾರ್ಪೆಟ್, ಹಾಸಿಗೆ, ದಿಂಬು, ಜಿಪ್ಸಂ ಬೋರ್ಡ್ ಮನೆಯಿಂದ ಹೊರಗೆ ಹೋಗಬೇಕು. ತೊಳೆದರೆ ಆಗುತ್ತೆ ಅಂತ ಚೌಕಾಸಿ ಮಾಡುವ ಜಾಗ ಇದಲ್ಲ.

ಆಮೇಲೆ ನೀರು ತೆಗೆಯುವ ಸರದಿ. ದ್ರವವಾಗಿ ಎಷ್ಟು ಎಳೆಯಲು ಆಗುತ್ತದೋ ಅಷ್ಟನ್ನೂ ಎಳೆಯಬೇಕು. ಒಂದು ಲೀಟರ್ ನೀರು ಕೋಣೆಯ ಬಿಸಿಯಲ್ಲಿ ಆವಿಯಾಗಲು ಸುಮಾರು 2,400 ಕಿಲೋಜೌಲ್ ಶಾಖ ಬೇಕು. ಅದೇ ಲೀಟರನ್ನು ವ್ಯಾಕ್ಯೂಮ್ ಯಂತ್ರ ಕ್ಷಣದಲ್ಲಿ, ಅದರ ಚೂರುಪಾರು ಶಕ್ತಿಯಲ್ಲಿ ಹೀರಿಬಿಡುತ್ತದೆ. ಅದಕ್ಕೇ ಕಾರ್ಪೆಟ್ಟಿನ ಮೇಲೆ ಭಾರದ ಹೀರುಯಂತ್ರವನ್ನು ಮತ್ತೆ ಮತ್ತೆ, ನಿಧಾನಕ್ಕೆ ಓಡಿಸುತ್ತಾರೆ. ನೋಡುವವರಿಗೆ ಸುಮ್ನೆ ಹೊತ್ತು ಕಳೆಯುತ್ತಿದ್ದಾರೆ ಅನ್ನಿಸಬಹುದು. ಅಲ್ಲಿ ಕಳೆದ ಒಂದು ಗಂಟೆ ಮುಂದೆ ಒಂದು ದಿನ ಉಳಿಸುತ್ತದೆ.

ಈಗ ಒಂದು ಲೆಕ್ಕ ನೋಡೋಣ. ನಾಲ್ಕು ಮೀಟರ್ ಅಗಲ, ಐದು ಮೀಟರ್ ಉದ್ದ, ಮೂರು ಮೀಟರ್ ಎತ್ತರದ ಕೋಣೆ ಎಂದುಕೊಳ್ಳಿ. ನೆಲದಲ್ಲಿ ಬರೀ ಒಂದು ಮಿಲಿಮೀಟರ್ ನೀರು ಉಳಿದರೂ ಅದು 20 ಲೀಟರ್. ಆ ಕೋಣೆಯಲ್ಲಿರುವುದು 60 ಘನ ಮೀಟರ್ ಗಾಳಿ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಾವಿ ಹಿಡಿಯುತ್ತದೆ. ಒಟ್ಟು ಎರಡು ಲೀಟರಿಗಿಂತ ಕಮ್ಮಿ. ಆ ಗಾಳಿಯಲ್ಲಿ ಮೊದಲೇ ಅರ್ಧಕ್ಕಿಂತ ಜಾಸ್ತಿ ತೇವ ಇದ್ದರೆ ಉಳಿದ ಜಾಗ ಒಂದು ಲೀಟರಿಗೂ ಸಾಲದು. ಬಾಗಿಲು ಹಾಕಿ ಫ್ಯಾನ್ ತಿರುಗಿಸಿದರೆ ಆ 20 ಲೀಟರ್ ಎಲ್ಲಿಗೆ ಹೋಗಬೇಕು? ಗಾಳಿ ತುಂಬಿದ ಮೇಲೆ ಅದು ಒಣಗಿದ್ದ ಬೀರು, ಬಟ್ಟೆ, ಪುಸ್ತಕ, ಛಾವಣಿಯ ಬೋರ್ಡಿಗೆ ಹೋಗಿ ಸೇರುತ್ತದೆ. ನೀರೇ ತಾಗದ ಕಪಾಟಿನ ಬಾಗಿಲು ವಾರದ ನಂತರ ಉಬ್ಬಿ ಸಿಕ್ಕಿಹಾಕಿಕೊಳ್ಳುವುದು ಹೀಗೆ. ಇದನ್ನು ಎರಡನೇ ಸುತ್ತಿನ ಹಾನಿ ಎಂದು ಲೆಕ್ಕ ಹಾಕುತ್ತಾರೆ. ಅದನ್ನು ತಂದದ್ದು ನಲ್ಲಿ ಅಲ್ಲ, ಅರ್ಧಂಬರ್ಧ ಒಣಗಿಸಿದ ಕೈ.

ಆದ್ದರಿಂದ ಯಂತ್ರಗಳು ಜೋಡಿಯಾಗಿ ಬರುತ್ತವೆ. ಏರ್ ಮೂವರ್ ಎಂಬ ಗಟ್ಟಿ ಬ್ಲೋವರನ್ನು ಗೋಡೆಗೆ ನೇರ ಮುಖ ಮಾಡಿ ಇಡುವುದಿಲ್ಲ. ಸ್ವಲ್ಪ ಓರೆಯಾಗಿ, ಗೋಡೆಯನ್ನು ಸವರಿಕೊಂಡು ಗಾಳಿ ಓಡುವಂತೆ ಇಡುತ್ತಾರೆ. ಒದ್ದೆ ಗೋಡೆಯ ಮೈಮೇಲೆ ತೇವ ತುಂಬಿದ ತೆಳ್ಳನೆ ಗಾಳಿಪದರ ಅಂಟಿಕೊಂಡು ಕೂತಿರುತ್ತದೆ, ಅದನ್ನು ಎಬ್ಬಿಸುವುದು ಇದರ ಕೆಲಸ. ಎಬ್ಬಿಸಿದ ತೇವವನ್ನು ಹಿಡಿಯುವುದು ಡಿಹ್ಯುಮಿಡಿಫೈಯರ್. ಅದು ಗಾಳಿಯನ್ನು ತಣ್ಣನೆಯ ಕಾಯಿಲ್ ಮೇಲೆ ಹಾಯಿಸಿ, ಆವಿಯನ್ನು ಮತ್ತೆ ನೀರಾಗಿಸಿ, ಪೈಪಿನಲ್ಲಿ ಹೊರಗೆ ಕಳಿಸುತ್ತದೆ. ಚಳಿ ಜಾಸ್ತಿ ಇರುವ ಕಡೆ ಕಾಯಿಲ್ ಮೇಲೆ ಮಂಜು ಕಟ್ಟುವುದರಿಂದ ಸಿಲಿಕಾ ಜೆಲ್‌ನಂಥ ತೇವ ಹೀರುವ ವಸ್ತು ಇರುವ ಬೇರೆ ಬಗೆಯ ಯಂತ್ರ ತರುತ್ತಾರೆ. ಬ್ಲೋವರ್ ಮಾತ್ರ ಇಟ್ಟು ಹೋದವರು ಅರ್ಧ ಕೆಲಸ ಮಾಡಿ ಹೋದರು ಎಂದೇ ತಿಳಿಯಿರಿ.

ಕಿಟಕಿ ತೆರೆಯಬೇಕಾ ಬೇಡವಾ? ಹೊರಗಿನ ಗಾಳಿ ಒಳಗಿನದಕ್ಕಿಂತ ಒಣಗಿದ್ದರೆ ತೆರೆಯಿರಿ. ಮಳೆಯ ದಿನ ತೆರೆದಿಟ್ಟರೆ ಹೊರಗಿನ ತೇವವನ್ನೂ ಒಳಗೆ ಕರೆದ ಹಾಗೆ, ಆಗ ಮುಚ್ಚಿಡುವುದೇ ಮೇಲು.

ಇನ್ನು ಅಳತೆಯ ವಿಷಯ. ಕೆಲಸಗಾರನ ಕೈಯಲ್ಲಿ ಮೊಬೈಲಿನಷ್ಟು ದೊಡ್ಡ, ಎರಡು ಮೊಳೆ ಹೊರಚಾಚಿದ ಒಂದು ಉಪಕರಣ ಇರುತ್ತದೆ. ಅದು ಮಾಯಿಶ್ಚರ್ ಮೀಟರ್. ಮೊಳೆಗಳನ್ನು ಮರಕ್ಕೆ ಚುಚ್ಚಿದರೆ ಅವೆರಡರ ನಡುವಿನ ವಿದ್ಯುತ್ ತಡೆಯನ್ನು ಅಳೆದು ತೇವ ಎಷ್ಟು ಶೇಕಡಾ ಎಂದು ತೋರಿಸುತ್ತದೆ. ತೇವ ಜಾಸ್ತಿ ಇದ್ದಷ್ಟೂ ತಡೆ ಕಮ್ಮಿ. ಚುಚ್ಚದೆ ಮೇಲಿನಿಂದಲೇ ಓದುವ ಮೀಟರೂ ಇದೆ. ಇವು ಹೆಚ್ಚಾಗಿ ಮರಕ್ಕೆಂದೇ ಹೊಂದಿಸಿದವು. ಗಾರೆಯ ಗೋಡೆಗೆ ಹಿಡಿದಾಗ ಬರುವ ಅಂಕಿಯನ್ನು ಹೋಲಿಕೆಗೆ ಮಾತ್ರ ಬಳಸಬೇಕು, ಗೋಡೆಯಲ್ಲಿ ಉಪ್ಪು ಇದ್ದರೆ ಮೀಟರ್ ಸುಳ್ಳು ಹೇಳುತ್ತದೆ. ಹಾಗಾಗಿ ಅನುಭವಿಗಳು ಮೊದಲು ನೀರು ತಾಗದ ಕೋಣೆಗೆ ಹೋಗಿ, ಅದೇ ಬಗೆಯ ಗೋಡೆ, ಅದೇ ಬಗೆಯ ಮರವನ್ನು ಅಳೆದು ಬರೆದಿಟ್ಟುಕೊಳ್ಳುತ್ತಾರೆ. ಒದ್ದೆಯಾದ ಜಾಗ ಆ ಅಂಕಿಯ ಹತ್ತಿರ ಬಂದಾಗಲೇ ಒಣಗಿತು ಎಂದು ಲೆಕ್ಕ. ದಿನಕ್ಕೊಮ್ಮೆ ಅದೇ ಜಾಗ, ಅದೇ ಮೀಟರ್, ಅದೇ ಪಟ್ಟಿ. ಸಾಮಾನ್ಯ ಪ್ರಕರಣದಲ್ಲಿ ಇದಕ್ಕೆ ಮೂರರಿಂದ ಐದು ದಿನ ಹಿಡಿಯುತ್ತದೆ. ಇಟ್ಟಿಗೆ, ಕಾಂಕ್ರೀಟ್, ದಪ್ಪ ಮರ ಆಳಕ್ಕೆ ನೀರು ಕುಡಿದಿದ್ದರೆ ವಾರಗಳೇ ಬೇಕು.

ಥರ್ಮಲ್ ಕ್ಯಾಮೆರಾ ಹಿಡಿದು ಗೋಡೆಯ ಮೇಲೆ ನೀಲಿ ಮಚ್ಚೆ ತೋರಿಸಿ "ನೋಡಿ ಸಾರ್, ನೀರು" ಎನ್ನುವವರೂ ಇದ್ದಾರೆ. ಕ್ಯಾಮೆರಾ ತೋರಿಸುವುದು ತಂಪನ್ನು, ನೀರನ್ನಲ್ಲ. ಆವಿಯಾಗುತ್ತಿರುವ ಜಾಗ ತಂಪಾಗಿರುತ್ತದೆ ನಿಜ, ಆದರೆ ಎಸಿಯ ಗಾಳಿ ಬಡಿಯುವ ಜಾಗವೂ ತಂಪೇ. ಅನುಮಾನದ ಜಾಗ ಹುಡುಕಲು ಅದು ತುಂಬಾ ಒಳ್ಳೆಯದು, ತೀರ್ಪು ಮಾತ್ರ ಮೀಟರಿನದು.

ಮರದ ನೆಲ ಈ ಪಾಠವನ್ನು ಚೆನ್ನಾಗಿ ಕಲಿಸುತ್ತದೆ. ಹಲಗೆಗಳ ಕೆಳಗೆ ನೀರು ಸೇರಿದಾಗ ಅಡಿಭಾಗ ಹಿಗ್ಗುತ್ತದೆ, ಮೇಲ್ಭಾಗ ಅಷ್ಟು ಹಿಗ್ಗುವುದಿಲ್ಲ. ಆಗ ಪ್ರತಿ ಹಲಗೆಯ ಎರಡೂ ಅಂಚು ಮೇಲೆದ್ದು ನಡು ತಗ್ಗಾಗುತ್ತದೆ. ಬರಿಗಾಲಲ್ಲಿ ನಡೆದರೆ ಸಾಲು ಸಾಲು ಏರಿಳಿತ ತಿಳಿಯುತ್ತದೆ. ಕಂಡವರು ತಕ್ಷಣ ಉಜ್ಜಿ ಸಮ ಮಾಡಲು ಹೊರಡುತ್ತಾರೆ. ಅಂಚು ಸವೆಸಿ ಸಮ ಮಾಡಿದ ಆ ಹಲಗೆ ಮುಂದೆ ನಿಜಕ್ಕೂ ಒಣಗಿದಾಗ ಅಂಚು ಕೆಳಗಿಳಿದು, ನಡು ಉಬ್ಬಿ ನಿಲ್ಲುತ್ತದೆ. ಈಗ ನೆಲ ಉಲ್ಟಾ ಹಾಳಾಯಿತು. ಸುಮ್ಮನೆ ಕಾದಿದ್ದರೆ ಎಷ್ಟೋ ಹಲಗೆಗಳು ತಾವಾಗಿಯೇ ಹಳೆಯ ಆಕಾರಕ್ಕೆ ಮರಳುತ್ತಿದ್ದವು. ಗಟ್ಟಿ ಮರಕ್ಕೆ ಈ ಗುಣ ಇದೆ. ಮರದ ಪುಡಿಯನ್ನು ಅಂಟಿನಲ್ಲಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡಿಗೆ ಇಲ್ಲ. ಅದು ಒಮ್ಮೆ ಉಬ್ಬಿದರೆ ಪುಡಿ ಪುಡಿಯಾಗಿಯೇ ಉಳಿಯುತ್ತದೆ, ಅದಕ್ಕೆ ಹಣ ಸುರಿಯಬೇಡಿ.

ಇಷ್ಟೆಲ್ಲ ಅವಸರ ಯಾಕೆಂದರೆ ಬೂಷ್ಟಿಗೆ 24ರಿಂದ 48 ಗಂಟೆ ಸಾಕು. ಅದರ ಬೀಜಕಣಗಳು ಗಾಳಿಯಲ್ಲಿ ಯಾವಾಗಲೂ ಇರುತ್ತವೆ, ತೇವ ಸಿಕ್ಕರೆ ಚಿಗುರುತ್ತವೆ. ಬ್ಲೀಚ್ ಸುರಿದರೆ ಬಣ್ಣ ಹೋಗುತ್ತದೆ. ಆದರೆ ರಂಧ್ರಗಳಿರುವ ವಸ್ತುವಿನೊಳಗೆ ಇಳಿದ ಬೂಷ್ಟು ಹೋಗುವುದಿಲ್ಲ, ಸತ್ತ ಬೂಷ್ಟಿನಿಂದಲೂ ಅಲರ್ಜಿ ಬರುತ್ತದೆ. ಕೊಂದರೆ ಸಾಲದು, ತೆಗೆಯಬೇಕು. ಬೂಷ್ಟು ಹಬ್ಬಿದ ಕೋಣೆಯನ್ನು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ, ಒಳಗಿನ ಗಾಳಿಯನ್ನು ಹೆಪಾ ಫಿಲ್ಟರ್ ಮೂಲಕ ಹೊರಗೆ ಎಳೆಯುತ್ತಾರೆ. 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇ. 99.97ರಷ್ಟನ್ನು ಅದು ಹಿಡಿಯುತ್ತದೆ. ಇಂಥ ಕೋಣೆಯಲ್ಲಿ ಬ್ಲೋವರ್ ಹಚ್ಚಿದರೆ ಇಡೀ ಮನೆಗೆ ಬೂಷ್ಟು ಹಂಚಿದ ಹಾಗೆ. ಕೊಳಚೆ ನುಗ್ಗಿದ ಕೋಣೆಯಲ್ಲೂ ಮೊದಲು ಶುಚಿ ಮಾಡಬೇಕು, ಆಮೇಲೆ ಗಾಳಿ.

ಕಾಗದಪತ್ರ, ಪುಸ್ತಕಗಳಿಗೆ ಒಂದು ವಿಚಿತ್ರ ಉಪಾಯ ಇದೆ. ಒಣಗಿಸಲು ಕೂಡಲೇ ಪುರುಸೊತ್ತಿಲ್ಲದಿದ್ದರೆ ಫ್ರೀಜರಿನಲ್ಲಿಟ್ಟುಬಿಡಿ. ಹೆಪ್ಪುಗಟ್ಟಿದ ಹಾಳೆಯಲ್ಲಿ ಬೂಷ್ಟು ಬೆಳೆಯುವುದಿಲ್ಲ, ಶಾಯಿ ಹರಡುವುದೂ ನಿಲ್ಲುತ್ತದೆ. ಆಮೇಲೆ ನಿರ್ವಾತದ ಕೋಣೆಯಲ್ಲಿ ಮಂಜನ್ನು ನೀರಾಗಲು ಬಿಡದೆ ನೇರ ಆವಿ ಮಾಡಿಸುತ್ತಾರೆ. ಆಸ್ತಿಪತ್ರ, ಹಳೆಯ ಡೈರಿಗಳ ಮಟ್ಟಿಗೆ ಈ ಖರ್ಚು ಸಾರ್ಥಕ.

ಎಲ್ಲ ಒಣಗಿದ ಮೇಲೆ ದುರಸ್ತಿ, ಅದು ನಿಮಗೆ ಗೊತ್ತಿರುವಂಥದ್ದೇ: ಪ್ಲಾಸ್ಟರ್, ಬೋರ್ಡ್, ಬಣ್ಣ. ಒಂದೇ ಮಾತು, ಗೋಡೆಯ ಮೇಲೆ ಬಿಳಿ ಪುಡಿ ಏಳುತ್ತಿದ್ದರೆ ಒಳಗಿನ ನೀರು ಇನ್ನೂ ಹೊರಬರುತ್ತಾ ಜೊತೆಗೆ ಉಪ್ಪನ್ನು ತಂದು ಬಿಡುತ್ತಿದೆ ಎಂದರ್ಥ. ಅದರ ಮೇಲೆ ಬಳಿದ ಬಣ್ಣ ಗುಳ್ಳೆ ಎದ್ದು ಕಳಚಿ ಬೀಳುತ್ತದೆ.

ಟೈಲ್ಸ್ ನೆಲದ ಮೇಲೆ ಒಂದು ಬಕೆಟ್ ಒಳ್ಳೆಯ ನೀರು ಚೆಲ್ಲಿದ್ದಕ್ಕೆಲ್ಲ ಯಾರನ್ನೂ ಕರೆಯಬೇಕಿಲ್ಲ. ನೀರು ಗೋಡೆಯೊಳಗೆ, ಛಾವಣಿಯೊಳಗೆ, ಮರದ ಕೆಳಗೆ ಹೋಗಿದ್ದರೆ, ಅಥವಾ ಕೊಳಚೆಯಾಗಿದ್ದರೆ ಕರೆಯಿರಿ. ಏನನ್ನೂ ಜರುಗಿಸುವ ಮುನ್ನ ಫೋಟೋ ತೆಗೆಯಿರಿ. ವಿಮೆ ಇದ್ದರೆ ಹಠಾತ್ತನೆ ಒಡೆದ ಪೈಪಿಗೂ ತಿಂಗಳುಗಟ್ಟಲೆ ಜಿನುಗಿದ ಪೈಪಿಗೂ ಪಾಲಿಸಿಗಳು ಸಾಮಾನ್ಯವಾಗಿ ಬೇರೆ ಬೇರೆ ಉತ್ತರ ಕೊಡುತ್ತವೆ, ಓದಿ ನೋಡಿ. ಬಂದವರನ್ನು ಕೇಳಬೇಕಾದ್ದು ಇಷ್ಟು: ದಿನಾ ಎಲ್ಲೆಲ್ಲಿ ಅಳೆಯುತ್ತೀರಿ, ಯಾವ ಅಂಕಿಗೆ ಬಂದರೆ ಯಂತ್ರ ನಿಲ್ಲಿಸುತ್ತೀರಿ, ಆ ಪಟ್ಟಿಯ ಪ್ರತಿ ನಮಗೆ ಕೊಡುತ್ತೀರಾ? "ಅಳೆಯೋದೇನು, ಮುಟ್ಟಿ ನೋಡಿದ್ರೆ ಗೊತ್ತಾಗುತ್ತೆ" ಎಂದರೆ ಬೇರೆಯವರಿಗೆ ಫೋನ್ ಮಾಡಿ.